ಹಂಗಿಲ್ಲದ ಸೀಟು

ಹೆದ್ದಾರಿಯಲ್ಲಿ ಹೋಗುವಾಗ ಬಸ್ಸಿನ ಕಿಟಕಿಯಿಂದ ನಾವು ಓದಿಕೊಳ್ಳುವ ಊರಿನ ಹೆಸರುಗಳಲ್ಲಿ ಬಹಳಷ್ಟು ಊರುಗಳೇ ಅಲ್ಲ, ಕ್ರಾಸುಗಳು. ಹಳೇ ಮೈಸೂರಿನ ಕಡೆ ಗೇಟ್ ಎಂದೋ ಕೈಮರ ಎಂದೋ ಕರೆಯುತ್ತಾರೆ. ಹೆಸರು ಟಾರು ರಸ್ತೆಯ ಪಕ್ಕ ನಿಂತಿರುತ್ತದೆ. ಊರು ಮೂರೋ ನಾಲ್ಕೋ ಕಿಲೋಮೀಟರು ಒಳಗೆ, ಕೆರೆ ಏರಿ ದಾಟಿ, ಹುಣಸೆಮರಗಳ ಆಚೆ. ಕ್ರಾಸಿನಲ್ಲಿ ಒಂದು ಚಹಾದಂಗಡಿ, ಪಂಕ್ಚರ್ ಹಾಕುವ ಶೆಡ್ಡು, ಯಾರದೋ ಸ್ಮರಣಾರ್ಥ ಕಟ್ಟಿಸಿದ ತಂಗುದಾಣ. ಬಸ್ಸಿಳಿದವರು ಚೀಲ ಕೆಳಗಿಟ್ಟು ಸ್ವಲ್ಪ ಹೊತ್ತು ಹಿಂದಕ್ಕೇ ನೋಡುತ್ತ ನಿಲ್ಲುತ್ತಾರೆ, ಊರ ಕಡೆಯ ಬೈಕು ಯಾವುದಾದರೂ ಬಂದೀತೆಂದು. ಬರದಿದ್ದರೆ ನಡಿಗೆ. ನಮ್ಮಲ್ಲಿ ಅನೇಕರಿಗೆ ಅಜ್ಜಿಮನೆಯ ನೆನಪು ಶುರುವಾಗುವುದೇ ಈ ನಡಿಗೆಯಿಂದ. ಆದರೆ ರಜೆಗೆ ಬಂದ ಮಗುವಿನ ನಡಿಗೆಯೇ ಬೇರೆ, ದಿನಾ ನಡೆಯುವವರ ನಡಿಗೆಯೇ ಬೇರೆ.

ಸರ್ಕಾರದ ಕಡತದಲ್ಲಿ ಈ ನಡಿಗೆಗೆ ಒಂದು ಅಕ್ಷರ ಮೀಸಲಾಗಿದೆ. ಜನಗಣತಿಯವರು ಪ್ರತಿ ಜಿಲ್ಲೆಗೂ ಒಂದು ಕೈಪಿಡಿ ಹೊರತರುತ್ತಾರೆ. ಹಳ್ಳಿಗೊಂದು ಸಾಲು. ವಿಸ್ತೀರ್ಣ ಇಷ್ಟು ಹೆಕ್ಟೇರು, ಮನೆ ಇಷ್ಟು, ಜನ ಇಷ್ಟು; ಆಮೇಲೆ ಶಾಲೆ, ಆಸ್ಪತ್ರೆ, ಅಂಚೆ, ಬಸ್ಸು, ರೈಲು. ಸೌಲಭ್ಯ ಊರಿನಲ್ಲೇ ಇದ್ದರೆ ಸರಿ, ಇಲ್ಲದಿದ್ದರೆ ಅದು ಎಷ್ಟು ದೂರದಲ್ಲಿ ಸಿಗುತ್ತದೆ ಎಂದು ಸೂಚಿಸಲು ಮೂರು ಅಕ್ಷರ. ಐದು ಕಿಲೋಮೀಟರಿಗಿಂತ ಕಡಿಮೆಯಾದರೆ ‘ಎ’, ಐದರಿಂದ ಹತ್ತರವರೆಗೆ ‘ಬಿ’, ಹತ್ತು ದಾಟಿದರೆ ‘ಸಿ’. 2011ರ ಗಣತಿಯಂತೆ ಕರ್ನಾಟಕದ 29,340 ಗ್ರಾಮಗಳಲ್ಲಿ ಜನ ಇದ್ದದ್ದು 27,397ರಲ್ಲಿ. ಉಳಿದವು ಬೇಚಿರಾಕ್ ಗ್ರಾಮಗಳು. ನಕ್ಷೆಯಲ್ಲಿ ಗಡಿಯಿದೆ, ಸರ್ವೆ ನಂಬರಿದೆ, ಜನರಿಲ್ಲ. ಇಂಥ ಪುಸ್ತಕವನ್ನು ಯಾರು ಓದುತ್ತಾರೆ ಎಂದು ಕೇಳಬೇಡಿ. ಪಂಚಾಂಗ ಓದುವ ಅಭ್ಯಾಸವಿದ್ದವರು ಇದನ್ನೂ ಓದಬಲ್ಲರು. ಒಂದು ಸಾಲಿನಲ್ಲಿ ಒಂದು ಊರಿನ ಜಾತಕವೇ ಇರುತ್ತದೆ.

ಆ ‘ಎ’ ಎಂಬ ಅಕ್ಷರವನ್ನೇ ತೆಗೆದುಕೊಳ್ಳಿ. ಅರ್ಧ ಕಿಲೋಮೀಟರಿಗೂ ಅದೇ, ನಾಲ್ಕೂಮುಕ್ಕಾಲಿಗೂ ಅದೇ. ಕುರ್ಚಿಯ ಮೇಲೆ ಕೂತವರಿಗೆ ಐದರೊಳಗಿನದೆಲ್ಲ ಹತ್ತಿರವೇ. ಯೂರಿಯಾ ಚೀಲದ ತೂಕ 45 ಕಿಲೋ. ಅದನ್ನು ಕ್ರಾಸಿನಲ್ಲಿ ಇಳಿಸಿಕೊಂಡವನಿಗೆ ಐದು ಕಿಲೋಮೀಟರು ಎಂದರೇನೆಂದು ಕೇಳಬೇಕು. ತಿಂಗಳಿಗೊಮ್ಮೆ ಬಿಪಿ ಮಾತ್ರೆಗಾಗಿ ತಾಲ್ಲೂಕು ಆಸ್ಪತ್ರೆಗೆ ಹೋಗುವ ಅಜ್ಜಿ ಎರಡನೆಯ ತಿಂಗಳು ಹೋಗುತ್ತಾಳೆ, ಮೂರನೆಯ ತಿಂಗಳು ‘ಈಗ ಅಡ್ಡಿಯಿಲ್ಲ’ ಎನ್ನುತ್ತಾಳೆ. ಇನ್ನು ಪಿಯು ಕಾಲೇಜಿನ ಹುಡುಗಿ. ಕಿರಿಯ ಪ್ರಾಥಮಿಕ ಶಾಲೆ ಒಂದು ಕಿಲೋಮೀಟರಿನೊಳಗೆ, ಹಿರಿಯ ಪ್ರಾಥಮಿಕ ಮೂರರೊಳಗೆ ಇರಬೇಕೆಂದು ಶಿಕ್ಷಣ ಹಕ್ಕಿನ ನಿಯಮವಿದೆ. ಅದರಾಚೆ ಅವಳ ಓದು ಬಸ್ಸಿನ ಕೈಯಲ್ಲಿ. ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ 2006-07ರಲ್ಲಿ ಸೈಕಲ್ ಕೊಡತೊಡಗಿದಾಗ ಊರೂರಿನ ದಾರಿಯಲ್ಲಿ ಸಾಲಾಗಿ ಹೋಗುವ ಹುಡುಗಿಯರನ್ನು ನಾವೆಲ್ಲ ನೋಡಿದ್ದೇವೆ. ಕೋವಿಡ್ ಬಂದಾಗ ಅದೂ ನಿಂತಿತು. ಡಿಸೆಂಬರಿನಲ್ಲಿ ಆ ಪಿಯು ಹುಡುಗಿ ಕೊನೆಯ ಪೀರಿಯಡ್ಡು ಮುಗಿಸಿ ಕ್ರಾಸಿಗೆ ಬಂದಿಳಿಯುವ ಹೊತ್ತಿಗೆ ಮಬ್ಬು ಕವಿದಿರುತ್ತದೆ, ಮುಂದೆ ಮೂರು ಕಿಲೋಮೀಟರು ಎದೆಯೆತ್ತರದ ಜೋಳ. ಮನೆಯಲ್ಲಿ ಯಾರೂ ‘ಓದಬೇಡ’ ಎಂದು ಹೇಳಿರುವುದಿಲ್ಲ. ‘ನೋಡೋಣ, ಮುಂದಿನ ವರ್ಷ’ ಎಂದಿರುತ್ತಾರೆ.

ಆ ಕೈಪಿಡಿಯಲ್ಲಿ ಸ್ವಂತ ಸಾಲೇ ಇಲ್ಲದ ವಸತಿಗಳ ಕಥೆ ಇದಕ್ಕಿಂತ ಒಂದು ಕೈ ಮೇಲು. ತಾಂಡಾ, ಗೊಲ್ಲರಹಟ್ಟಿ, ಹಾಡಿಗಳು ಎಷ್ಟೋ ಕಾಲ ಮೂಲ ಗ್ರಾಮದ ಲೆಕ್ಕದಲ್ಲೇ ಸೇರಿಹೋಗಿದ್ದವು. ಮೂಲ ಗ್ರಾಮಕ್ಕೆ ಬಸ್ಸಿದ್ದರೆ ತಾಂಡಾಕ್ಕೂ ಇದ್ದ ಹಾಗೆ! 2023ರ ಜನವರಿಯಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆರಹಿತ ವಸತಿಗಳು ಕಂದಾಯ ಗ್ರಾಮಗಳಾಗಿ, ಅಲ್ಲಿನ ಕುಟುಂಬಗಳು ಹಕ್ಕುಪತ್ರ ಪಡೆದವು. ಇನ್ನು ಮುಂದೆ ಅವುಗಳ ದೂರವೂ ಎಲ್ಲಾದರೂ ಬರೆದಿಡಲ್ಪಡುತ್ತದೆ ಎಂದು ನಂಬೋಣ.

ತಲೆ ಎಣಿಸಿ ರಸ್ತೆ ಕೊಡುವ ಪದ್ಧತಿಯನ್ನು ನಾನು ಹಳಿಯಲಾರೆ. ಎಣಿಕೆಯೇ ಇಲ್ಲದಿದ್ದ ಕಾಲದಲ್ಲಿ ರಸ್ತೆ ಮುಖಂಡರ ತೋಟದ ಗೇಟಿನವರೆಗೆ ಹೋಗಿ ಅಲ್ಲಿ ಆಯಾಸಗೊಂಡು ನಿಲ್ಲುತ್ತಿತ್ತು. 2000ದ ಡಿಸೆಂಬರ್ 25ರಂದು ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಒಂದು ಗೆರೆ ಎಳೆಯಿತು. ಬಯಲಿನಲ್ಲಿ 500 ಜನ, ಗುಡ್ಡಗಾಡು, ಮರುಭೂಮಿ ಮತ್ತು ಬುಡಕಟ್ಟು ಪ್ರದೇಶದಲ್ಲಿ 250 ಜನ ಇದ್ದರೆ ಮಳೆಗಾಲದಲ್ಲೂ ಓಡಾಡಬಹುದಾದ ರಸ್ತೆ. ಅರ್ಧ ಕಿಲೋಮೀಟರಿನೊಳಗಿನ ಮನೆಗುಂಪುಗಳನ್ನು ಕೂಡಿಸಿ ಎಣಿಸಲೂ ಅವಕಾಶವಿತ್ತು. ಕಾಣುವ ಗೆರೆ, ಎಲ್ಲರಿಗೂ ಒಂದೇ ಗೆರೆ. ಅದರಿಂದ ಆದ ಉಪಕಾರ ದೊಡ್ಡದು. ಆದರೆ 500 ಎಂಬುದು ಗೆರೆಯಾದ ಮೇಲೆ 480 ಎಂಬುದು ಗೆರೆಯ ಹೊರಗೆ. ಒಂದು ಮನೆ ಇನ್ನೊಂದು ಮನೆಗೆ ಕೂಗಳತೆಯಲ್ಲೂ ಸಿಗದ ಮಲೆನಾಡಿನಲ್ಲಂತೂ ಎಷ್ಟು ಕೂಡಿಸಿದರೂ ಲೆಕ್ಕ ತುಂಬುವುದು ಕಷ್ಟ.

ಜನ ಕಡಿಮೆ, ತೊಡಕು ಹೆಚ್ಚು ಎಂಬುದಕ್ಕೆ ಸಾಗರ ತಾಲ್ಲೂಕಿನ ತುಮರಿಗಿಂತ ದೊಡ್ಡ ಉದಾಹರಣೆ ನಮ್ಮಲ್ಲಿ ಸಿಗಲಾರದು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂದದ್ದು 1964ರಲ್ಲಿ. ನಾಡಿಗೆಲ್ಲ ದೀಪ ಬಂತು, ತುಮರಿ ಕಡೆಯ ಹಳ್ಳಿಗಳು ಹಿನ್ನೀರಿನ ಆಚೆ ಉಳಿದವು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಲಾಂಚು. ಬಸ್ಸನ್ನೇ ಲಾಂಚಿನ ಮೇಲೆ ಹತ್ತಿಸಿ ದಾಟಿಸುತ್ತಿದ್ದರು. ಬೇಸಿಗೆಯಲ್ಲಿ ನೀರು ತಗ್ಗಿದರೆ ಭಾರದ ವಾಹನಕ್ಕೆ ತಡೆ. ಸಂಜೆಯ ಕೊನೆಯ ಲಾಂಚು ಹೋದ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಕಾಡುದಾರಿ ಸುತ್ತಿಕೊಂಡು ಹೋಗಬೇಕಿತ್ತು, ಇಲ್ಲವೇ ದೇವರನ್ನು ನೆನೆಯಬೇಕಿತ್ತು. ಹೊರಗಿನ ನಮಗೆ ಲಾಂಚು ಎಂದರೆ ಸಿಗಂದೂರಿಗೆ ಹೋಗುವಾಗಿನ ಸಂಭ್ರಮ, ಮೊಬೈಲಿನಲ್ಲಿ ನಾಲ್ಕು ಫೋಟೋ. ಆಚೆ ದಡದವರಿಗೆ ಅದು ಗಡಿಯಾರ. ಮದುವೆ ಊಟ ಯಾವಾಗ ಮುಗಿಸಬೇಕು, ಕಚೇರಿಯಿಂದ ಯಾವಾಗ ಏಳಬೇಕು ಎಂಬುದನ್ನೆಲ್ಲ ಅದೇ ತೀರ್ಮಾನಿಸುತ್ತಿತ್ತು. 2025ರ ಜುಲೈ 14ರಂದು ಅಲ್ಲಿ ಸುಮಾರು ಎರಡೂವರೆ ಕಿಲೋಮೀಟರಿನ ಸೇತುವೆ ಉದ್ಘಾಟನೆಯಾಯಿತು. ನಡುವೆ ಕಳೆದದ್ದು 61 ವರ್ಷ. ತಲೆ ಎಣಿಕೆಯೊಂದನ್ನೇ ನೋಡಿದ್ದರೆ ಇನ್ನೂ ಕಾಯಬೇಕಿತ್ತೋ ಏನೋ. ಸಿಗಂದೂರು ದೇವಿಯ ದರ್ಶನಕ್ಕೆ ಬರುವ ಭಕ್ತರ ಸಂಖ್ಯೆಯೂ ಆ ಊರುಗಳ ಕೈಹಿಡಿಯಿತು ಎಂದೇ ನನಗನ್ನಿಸುತ್ತದೆ.

ಎಣಿಕೆಯ ಇನ್ನೊಂದು ಸೂಕ್ಷ್ಮವಿದೆ. 2011ರಲ್ಲಿ ಗಣತಿದಾರರು ಮನೆಮನೆಗೆ ಬಂದದ್ದು ಫೆಬ್ರವರಿ 9ರಿಂದ 28ರವರೆಗೆ. ಆ ದಿನಗಳಲ್ಲಿ ಪೂರ್ತಿ ಊರಿನಿಂದ ಹೊರಗಿದ್ದವರನ್ನು ಅವರು ಇದ್ದಲ್ಲಿಯೇ ಲೆಕ್ಕಕ್ಕೆ ಹಿಡಿಯಬೇಕೆಂಬುದು ನಿಯಮ. ಈಗ ರಾಯಚೂರು, ಯಾದಗಿರಿ, ಕೊಪ್ಪಳದ ಒಣಬೇಸಾಯದ ಹಳ್ಳಿಗಳನ್ನು ನೆನೆಯಿರಿ. ಸುಗ್ಗಿ ಮುಗಿದ ಮೇಲೆ ಗಂಡ, ಹೆಂಡತಿ, ಕೈಗೂಸು ಎಲ್ಲ ಗುಳೆ ಹೋಗುವ ಕಾಲ ಅದೇ. ಬೆಂಗಳೂರಿನ ಕಟ್ಟಡ, ಗೋವೆಯ ಕೆಲಸ, ಕಬ್ಬಿನ ಗ್ಯಾಂಗು. ಬಾಗಿಲಿಗೆ ಬೀಗ, ಅಂಗಳದಲ್ಲಿ ಒಬ್ಬ ಮುದುಕ. ಪುಸ್ತಕದಲ್ಲಿ ಆ ಮನೆಯ ಜನ ಒಂದು. ಅದೇ ಊರಿಗೆ ಯುಗಾದಿಗೋ ಜಾತ್ರೆಗೋ ಹೋಗಿ ನೋಡಿ, ಬಸ್ಸಿನ ಬಾಗಿಲಲ್ಲಿ ಜೋತು ಬರುವವರೇ ಒಂದು ಪಂಚಾಯಿತಿಗಾಗುತ್ತಾರೆ. 2024ರಲ್ಲಿ ಒಪ್ಪಿಗೆಯಾದ ಗ್ರಾಮ ಸಡಕ್ ಯೋಜನೆಯ ನಾಲ್ಕನೆಯ ಹಂತ ದೇಶದ 25,000 ವಸತಿಗಳಿಗೆ 62,500 ಕಿಲೋಮೀಟರು ರಸ್ತೆ ಹಾಕಲಿದೆ. ಅದಕ್ಕೆ ಆಧಾರ ಅದೇ ಫೆಬ್ರವರಿಯ ಪುಸ್ತಕ. ಮುಂದಿನ ಗಣತಿಗೂ 2027ರ ಮಾರ್ಚ್ 1 ಗೊತ್ತಾಗಿದೆ, ಅಂದರೆ ಮತ್ತೆ ಗುಳೆಯ ಕಾಲಕ್ಕೇ.

ರಸ್ತೆ ಬಂದರೆ ಬಸ್ಸು ತಾನಾಗಿ ಬರುತ್ತದೆ ಎಂದು ನಾವು ಒಂದು ಕಾಲದಲ್ಲಿ ತಿಳಿದಿದ್ದೆವು. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆ ಶುರುಮಾಡಿತು. ಇಂದು ರಾಜ್ಯದಲ್ಲಿ ನಾಲ್ಕು ನಿಗಮಗಳಿವೆ. ಬೆಂಗಳೂರು ದಾರಿಯ ಗಳಿಕೆಯಿಂದ ಹಳ್ಳಿ ದಾರಿಯ ನಷ್ಟ ತುಂಬಿಸಿಕೊಳ್ಳುವುದು ಅವುಗಳ ಹಳೆಯ ಧರ್ಮ. ಹಾಗಿದ್ದರೂ ಡಿಪೊದಲ್ಲಿ ಕೂತವರು ದಿನಾ ನೋಡುವುದು ಕಲೆಕ್ಷನ್ನು. ಕಿಲೋಮೀಟರಿಗೆ ಎಷ್ಟು ರೂಪಾಯಿ ಹುಟ್ಟಿತು ಎಂಬ ಲೆಕ್ಕ. ನಷ್ಟದ ರೂಟು ಮೊದಲು ಮಧ್ಯಾಹ್ನದ ಟ್ರಿಪ್ಪನ್ನು ಕಳೆದುಕೊಳ್ಳುತ್ತದೆ, ಆಮೇಲೆ ಭಾನುವಾರವನ್ನು, ಕೊನೆಗೆ ವಸ್ತಿ ಬಸ್ಸನ್ನು. ಕೋವಿಡ್ ಕಾಲದಲ್ಲಿ ತಾತ್ಕಾಲಿಕವೆಂದು ನಿಂತ ಎಷ್ಟೋ ಟ್ರಿಪ್ಪುಗಳು ತಾತ್ಕಾಲಿಕವಾಗಿಯೇ ಇಂದಿಗೂ ನಿಂತಿವೆ. ಸರ್ಕಾರವಲ್ಲದೆ ಬೇರೆಯವರು ನಡೆಸಿದರೂ ಈ ಲೆಕ್ಕ ತಪ್ಪಿದ್ದಲ್ಲ. 1991ರಲ್ಲಿ ಕೊಪ್ಪದಲ್ಲಿ ಬಸ್ ಕಾರ್ಮಿಕರೇ ಕೂಡಿ ಕಟ್ಟಿದ ಸಹಕಾರ ಸಾರಿಗೆ ಮಲೆನಾಡಿನ ಮೂಲೆಮೂಲೆಯ ಹಳ್ಳಿಗಳಿಗೆ ಮೂರು ದಶಕದ ಹತ್ತಿರ ಬಸ್ಸು ಓಡಿಸಿತು. ಆ ಭಾಗದವರು ಅದನ್ನು ‘ನಮ್ಮ ಬಸ್ಸು’ ಎಂದೇ ಅನ್ನುತ್ತಿದ್ದರು. 2020ರಲ್ಲಿ ನಷ್ಟ ತಾಳಲಾರದೆ ಅದೂ ನಿಂತಿತು.

ವಸ್ತಿ ಬಸ್ಸು ಅಂದೆ. ರಾತ್ರಿ ಎಂಟರ ಹೊತ್ತಿಗೆ ಬಂದು, ಊರಲ್ಲೇ ತಂಗಿ, ಬೆಳಗಿನ ಜಾವ ಹೊರಡುವ ಬಸ್ಸು. ನೋಡದವರಿಗಾಗಿ ಎರಡು ಮಾತು. ಬಸ್ಸು ಹನುಮಪ್ಪನ ಗುಡಿಯ ಮುಂದೆ ನಿಲ್ಲುತ್ತದೆ. ಚಾಲಕ ಹಿಂದಿನ ಉದ್ದ ಸೀಟಿನ ಮೇಲೆ ಕಂಬಳಿ ಹಾಸುತ್ತಾನೆ, ನಿರ್ವಾಹಕ ಟಿಕೆಟ್ ಯಂತ್ರವನ್ನು ಚಾರ್ಜಿಗೆ ಹಾಕಲು ಎದುರು ಮನೆಗೆ ಹೋಗುತ್ತಾನೆ. ಆ ಮನೆಯಿಂದ ಎರಡು ರೊಟ್ಟಿ, ಪುಂಡಿಪಲ್ಲೆ. ಬೆಳಿಗ್ಗೆ ಯಾರದೋ ಹಂಡೆಯಿಂದ ಎರಡು ಬಿಂದಿಗೆ ಬಿಸಿನೀರು. ಐದೂವರೆಗೆ ಎಂಜಿನ್ ಸದ್ದಾಗುತ್ತದೆ. ಹೂವಿನ ಬುಟ್ಟಿ, ಸೊಪ್ಪಿನ ಗಂಟು, ತಲೆ ಬಾಚಿಕೊಳ್ಳುತ್ತಲೇ ಓಡಿಬರುವ ಕಾಲೇಜು ಹುಡುಗರು. ಒಬ್ಬಳು ಇನ್ನೂ ಬಂದಿಲ್ಲವೆಂದರೆ ನಿರ್ವಾಹಕನಿಗೆ ಗೊತ್ತಿರುತ್ತದೆ, ಒಂದು ನಿಮಿಷ ಕಾಯುತ್ತಾನೆ. ಈ ವ್ಯವಸ್ಥೆ ಯಾವ ಸುತ್ತೋಲೆಯಿಂದಲೂ ಹುಟ್ಟಿದ್ದಲ್ಲ.

ಇಂಥ ಬಸ್ಸು ಖಾಲಿಯಾದದ್ದು ಹೇಗೆ? ಊರಿನ ಜನ ಕಡಿಮೆಯಾದದ್ದು ಒಂದು ಕಾರಣ, ಅದನ್ನೇ ಎಲ್ಲರೂ ಹೇಳುತ್ತಾರೆ. ಇನ್ನೊಂದು ಕಾರಣ ನಮ್ಮ ನಿಮ್ಮ ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ ನಿಂತಿದೆ. ಬೈಕು ಕೊಂಡದ್ದು ತಪ್ಪಲ್ಲ. ಅಡಿಕೆಗೆ ಔಷಧಿ ಹೊಡೆಯುವ ಆಳನ್ನು ಕರೆತರಲು, ರಾತ್ರಿ ಜ್ವರ ಬಂದ ಮಗುವನ್ನು ಒಯ್ಯಲು ಬೈಕು ಬೇಕೇ ಬೇಕು. ಆದರೆ ಬೈಕು ಬಂದ ಮನೆ ಬಸ್ಸನ್ನು ಪೂರ್ತಿ ಬಿಟ್ಟುಬಿಡುತ್ತದೆ. ಟಿಕೆಟ್ ಹಣ ಕೊಡಬಲ್ಲವರು ಮೊದಲು ಇಳಿದುಹೋಗುತ್ತಾರೆ. ಉಳಿಯುವವರು ಹೆಂಗಸರು, ಮಕ್ಕಳು, ವಯಸ್ಸಾದವರು, ಕಣ್ಣು ಮಂದವಾದವರು, ಬೈಕ್ ಇಲ್ಲದ ಕೂಲಿಯವರು. ಬಸ್ಸು ನಿಂತಾಗ ಡಿಪೊಗೆ ಕೊಡುವ ಮನವಿಪತ್ರಕ್ಕೆ ಮೊದಲ ಸಹಿ ಹಾಕುವವರು ಮಾತ್ರ ಬೈಕಿನವರೇ, ಅದನ್ನು ಕೊಡಲು ಹೋಗುವುದೂ ಬೈಕಿನಲ್ಲೇ. ಮನವಿ ತೆಗೆದುಕೊಳ್ಳುವ ಅಧಿಕಾರಿ ಕಿಟಕಿಯಾಚೆ ನಿಂತ ಎಂಟು ಬೈಕುಗಳನ್ನು ನೋಡಿ ಏನೂ ಅನ್ನದೆ ಸೀಲು ಹಾಕಿಕೊಡುತ್ತಾರೆ.

‘ನಾವಿದ್ದೇವಲ್ಲ, ಕ್ರಾಸಿಗೆ ಬಿಡುತ್ತೇವೆ’ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ದೊಡ್ಡ ಮನಸ್ಸು, ಅನುಮಾನವಿಲ್ಲ. ಆದರೆ ಕೇಳುವವರ ಕಡೆಯಿಂದ ಒಮ್ಮೆ ನೋಡಿ. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗಬೇಕಾದವರು ಎಷ್ಟು ವಾರ ಪಕ್ಕದ ಮನೆಯ ಹುಡುಗನನ್ನು ಕೇಳಿಯಾರು? ಮೊದಲ ಸಲ ಅವನು ತಾನಾಗಿ ಬರುತ್ತಾನೆ, ಹತ್ತನೆಯ ಸಲ ಅವನ ಅಮ್ಮ ‘ಅವನಿಗೆ ಇವತ್ತು ಕೆಲಸವಿತ್ತು’ ಎನ್ನುತ್ತಾಳೆ, ಅದರ ಮರುವಾರ ಇವರು ಕೇಳುವುದಿಲ್ಲ. ವಯಸ್ಸಿಗೆ ಬಂದ ಹುಡುಗಿ ಯಾರ ಬೈಕಿನ ಹಿಂದೆ ಕೂತು ಬಂದಳು ಎಂಬುದು ಊರಿನಲ್ಲಿ ಇನ್ನೂ ಸುದ್ದಿಯೇ. ಗಂಡನಿಗೆ ತಿಳಿಯದ ಹಾಗೆ ಸಂಘದ ಸಾಲ ಕಟ್ಟಿ ಬರಬೇಕೆಂದುಕೊಂಡವಳಿಗೆ ಮೈದುನನ ಗಾಡಿಯಲ್ಲಿ ಹೋಗಲಾಗುವುದಿಲ್ಲ. ಬಸ್ಸಿನ ದೊಡ್ಡ ಗುಣ ಇಲ್ಲಿದೆ. ಅದರಲ್ಲಿ ಕೂತವರು ಯಾರ ಹಂಗಿಗೂ ಬೀಳಬೇಕಿಲ್ಲ, ಎಲ್ಲಿಗೆ, ಯಾಕೆ ಎಂದು ಯಾರಿಗೂ ಹೇಳಬೇಕಿಲ್ಲ. ಇಳಿಯುವಾಗ ಉಪಕಾರವಾಯಿತು ಎಂದು ಕೈಮುಗಿಯಬೇಕಿಲ್ಲ. ದಾಕ್ಷಿಣ್ಯವಿಲ್ಲದೆ ಓಡಾಡುವ ಸ್ವಾತಂತ್ರ್ಯ ಯಾವ ಗಣತಿಯ ಕಾಲಮ್ಮಿನಲ್ಲೂ ಇಲ್ಲ.

ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಟಿಕೆಟನ್ನು ಉಚಿತ ಮಾಡಿ 2023ರ ಜೂನ್ 11ರಂದು ಬಂದ ಶಕ್ತಿ ಯೋಜನೆ ಈ ಸ್ವಾತಂತ್ರ್ಯವನ್ನು ಅವರಿಗೆ ಎಷ್ಟು ಹಿಗ್ಗಿಸಿತೆಂಬುದನ್ನು ಯಾವ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತರೂ ಕಾಣಬಹುದು. ಆದರೆ ಉಚಿತ ಟಿಕೆಟು ಬಸ್ಸು ಬರುವಲ್ಲಿಯವರೆಗೆ ಮಾತ್ರ. ಕ್ರಾಸಿನಿಂದ ಒಳಗೆ ಆಟೋದವನಿಗೆ ಕೊಡಬೇಕಾದದ್ದು ಕೊಡಲೇಬೇಕು. ಖಾಸಗಿ ಬಸ್ಸುಗಳೇ ಓಡಾಡುವ ಕರಾವಳಿ, ಮಲೆನಾಡಿನ ರೂಟುಗಳಲ್ಲಿ ಅದೂ ಇಲ್ಲ. ಇಲ್ಲಿ ಒಂದು ಸಂಗತಿ ಹೇಳಿಬಿಡುತ್ತೇನೆ, ಬಹಳ ಮಂದಿ ಗಮನಿಸಿಲ್ಲ. ಶೂನ್ಯ ಮೊತ್ತದ ಟಿಕೆಟನ್ನೂ ನಿರ್ವಾಹಕ ಹರಿದುಕೊಡಲೇಬೇಕು, ಅದರ ಲೆಕ್ಕದ ಮೇಲೆ ಸರ್ಕಾರ ನಿಗಮಕ್ಕೆ ಹಣ ತುಂಬುತ್ತದೆ. ಹಾಗಾಗಿ ಹಳ್ಳಿ ಬಸ್ಸು ಹತ್ತುವ ಪ್ರತಿ ಹೆಂಗಸೂ ಆ ರೂಟಿನ ಲೆಕ್ಕಕ್ಕೆ ಸೇರುತ್ತಾಳೆ. ‘ಪುಕ್ಕಟೆ ಟಿಕೆಟ್ ತಾನೆ, ಯಾಕೆ ಬೇಕು’ ಎಂದು ತೆಗೆದುಕೊಳ್ಳದೆ ಕೂತರೆ ನಷ್ಟ ಊರಿನ ರೂಟಿಗೇ.

ಬೈಕಿನ ಮನೆಯವರು ಮಾಡಬಹುದಾದ್ದು ದೊಡ್ಡ ತ್ಯಾಗವೇನಲ್ಲ. ಸಂತೆಯ ದಿನ, ತಾಲ್ಲೂಕು ಕಚೇರಿಗೆ ಹೋಗುವ ದಿನ, ಹೇಗೂ ಇಡೀ ಹೊತ್ತು ಅಲ್ಲೇ ಕಳೆಯುವುದಿದ್ದರೆ ಬಸ್ಸಿನಲ್ಲಿ ಹೋಗಿಬರುವುದು. ಪೆಟ್ರೋಲಿನ ದರದಲ್ಲಿ ಅದು ಲಾಭವೂ ಹೌದು. ಊರಿಗೆ ವಸ್ತಿ ಬಸ್ಸು ಇನ್ನೂ ಉಳಿದಿದ್ದರೆ ಚಾಲಕ, ನಿರ್ವಾಹಕರಿಗಾಗಿ ಬಚ್ಚಲಿಗೊಂದು ಬಾಗಿಲು ಹಾಕಿಸಿಕೊಡುವುದು; ಹಳ್ಳಿ ರೂಟು ಬೇಡವೆನ್ನುವ ಚಾಲಕರ ಮೊದಲ ದೂರು ಇದೇ ಆಗಿರುತ್ತದೆ. ಮತ್ತೆ ಆ ಮನವಿಪತ್ರ. ‘ನಮ್ಮ ಗ್ರಾಮದ ಜನಸಂಖ್ಯೆ ಇಷ್ಟಿದ್ದು ಬಸ್ಸಿಲ್ಲದೆ ತೀವ್ರ ತೊಂದರೆಯಾಗಿದ್ದು’ ಎಂದು ಶುರುವಾಗುವ ಕಾಗದಕ್ಕೆ ಡಿಪೊದಲ್ಲಿ ಯಾರೂ ಏನೂ ಮಾಡಲಾರರು. ಅಂಥ ಕಾಗದಗಳ ಕಟ್ಟೇ ಅಲ್ಲಿದೆ. ಅದರ ಬದಲು ಗ್ರಾಮಸಭೆಯಲ್ಲಿ ಕೂತು ಬರೆಯಬಹುದು: ಕಾಲೇಜಿಗೆ ಹೋಗುವವರು ಎಷ್ಟು ಮಂದಿ, ಎಷ್ಟು ಗಂಟೆಗೆ ಗಂಟೆ ಬಾರಿಸುತ್ತದೆ; ಡಯಾಲಿಸಿಸ್‌ನವರಿಗೆ ಯಾವ ಯಾವ ವಾರ; ಸಂತೆ ಯಾವತ್ತು, ಹೂವಿನವರು ಮಾರುಕಟ್ಟೆ ಮುಟ್ಟಬೇಕಾದದ್ದು ಎಷ್ಟು ಹೊತ್ತಿಗೆ; ಮಧ್ಯಾಹ್ನದ ಟ್ರಿಪ್ಪು ಬಿಟ್ಟರೂ ನಡೆದೀತೇ. ಇದನ್ನು ಬರೆಯಬೇಕಾದರೆ ಬೈಕಿಲ್ಲದವರನ್ನು ಕೇಳಬೇಕಾಗುತ್ತದೆ, ಸಭೆಗೆ ಬಾರದವರ ಮನೆಗೆ ಹೋಗಬೇಕಾಗುತ್ತದೆ. ಇಂಥ ಕಾಗದಕ್ಕೆ ಅಧಿಕಾರಿ ಮನಸ್ಸು ಮಾಡಿದರೆ ಉತ್ತರಿಸಲು ದಾರಿಯಿದೆ. ಹೊಸ ಬಸ್ಸು ಕೊಡಲಾಗದಿದ್ದರೂ ಇರುವ ಟ್ರಿಪ್ಪನ್ನು ಇಪ್ಪತ್ತು ನಿಮಿಷ ಹಿಂದೆ ಸರಿಸಬಹುದು, ಪಕ್ಕದೂರಿಗೆ ಹೋಗುವ ಬಸ್ಸನ್ನು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಕ್ರಾಸಿನಿಂದ ಒಳಗೆ ತಿರುಗಿಸಬಹುದು.